ಮಾವನ ಟ್ರಂಕಿನ 214 ಕಲ್ಲುಗಳು

ಮೊದಲ ಭಾನುವಾರವೇ ನಾನು ಒಂದು ಕಲ್ಲನ್ನು ಬಚ್ಚಲಿಗೆ ಸುರಿದುಬಿಟ್ಟೆ.

ಪೇಪರಿನ ಪೊಟ್ಟಣ ಬಿಚ್ಚಿದಾಗ ಒಳಗೆ ಬೂದಿ ಬಣ್ಣದ್ದೊಂದು ಉಂಡೆ ಇತ್ತು. ಬೆಳಕಿಗೆ ಹಿಡಿದರೆ ಸ್ವಲ್ಪ ನೀಲಿ ಹೊಳಪು. ಉಳಿದವುಗಳ ಜೊತೆ ಅದನ್ನೂ ಬಕೆಟ್ಟಿಗೆ ಹಾಕಿದೆ. ಎರಡು ನಿಮಿಷ ಬಿಟ್ಟು ಕೈ ಹಾಕಿ ತಡಕಿದರೆ ಉಂಡೆಯೇ ಇಲ್ಲ. ನೀರು ಮಾತ್ರ ಕುಂಕುಮ ಕಲಸಿದ ಹಾಗಾಗಿತ್ತು. ಹಿತ್ತಲಿಗೆ ಬಂದ ಮಾವ ಬಕೆಟ್ಟನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ಏನವ್ವಾ, ಬ್ಲೂ ಡಸ್ಟ್ ತೊಳೆದುಬಿಟ್ಯಾ?"

ಬ್ಲೂ ಡಸ್ಟ್ ಅಂದರೆ ಪುಡಿ ಪುಡಿಯಾದ ಹೆಮಟೈಟ್, ಒಳ್ಳೆಯ ಕಬ್ಬಿಣದ ಅದಿರು. ನೋಡೋಕೆ ನೀಲಿ, ಕೈಗೆ ಹಚ್ಚಿಕೊಂಡರೆ ಕೆಂಪು. ಅದನ್ನು ಬಾಟಲಿಯಲ್ಲಿ ಇಡಬೇಕೇ ಹೊರತು ಬಕೆಟ್ಟಿನಲ್ಲಿ ಅಲ್ಲ. ಇದು ನನಗೆ ಗೊತ್ತಾದದ್ದು ಬಕೆಟ್ ಚೆಲ್ಲಿದ ಮೇಲೆ.

ಮಾವ ಸ್ಯಾಂಪ್ಲರ್, ಅಂದರೆ ಕೊರೆದ ಕಲ್ಲಿನ ಮಾದರಿ ತೆಗೆದಿಡುವ ಕೆಲಸದಲ್ಲಿ ಇದ್ದವರು. ಡ್ರಿಲ್ಲಿಂಗ್ ಕಂಟ್ರಾಕ್ಟರುಗಳ ಜೊತೆ ಸಂಡೂರಿನ ಗುಡ್ಡಗಳಲ್ಲೇ ಜಾಸ್ತಿ ವರ್ಷ ಕಳೆದರು. ನಡುವೆ ಕೆಲವು ವರ್ಷ ಹಟ್ಟಿ, ಲಿಂಗಸುಗೂರು ಕಡೆ. ಹೋದಲ್ಲೆಲ್ಲ ಒಂದೊಂದು ಕಲ್ಲು ತಂದು ಟ್ರಂಕಿಗೆ ಹಾಕಿದ್ದರು. ಈ ವರ್ಷ ಮನೆಗೆ ಬಣ್ಣ ಹೊಡೆಸಲು ಅಟ್ಟ ಖಾಲಿ ಮಾಡಿದಾಗ ಎರಡು ಟ್ರಂಕು ಕೆಳಗಿಳಿದವು. ಇಳಿಸಿದ ಹುಡುಗರು "ಅಕ್ಕಾ, ಇದ್ರಾಗ ಏನೈತಿ?" ಅಂತ ಕೇಳಿ, ಉತ್ತರ ಕೇಳಿದ ಮೇಲೆ ಹೆಚ್ಚಿಗೆ ಐವತ್ತು ರೂಪಾಯಿ ಇಸಿದುಕೊಂಡರು. ಅತ್ತೆಯ ಲೆಕ್ಕದಲ್ಲಿ ಅವನ್ನು ಪಾಯಕ್ಕೆ ಹಾಕಿಸಬಹುದಿತ್ತು. ನನಗೆ ಮನಸ್ಸಾಗಲಿಲ್ಲ. "ನಾನು ಇವಕ್ಕೆಲ್ಲ ಒಂದು ಪುಸ್ತಕ ಬರೀತೀನಿ" ಅಂದೆ.

ನಾನು ಕಾಮರ್ಸ್ ಓದಿದವಳು. ಬಳ್ಳಾರಿಯಲ್ಲೇ ಒಂದು ಆಡಿಟರ್ ಆಫೀಸಿನಲ್ಲಿ ಲೆಕ್ಕ ಬರೆಯುತ್ತೇನೆ. ಕಲ್ಲಿನ ಬಗ್ಗೆ ಏನೂ ಗೊತ್ತಿರಲಿಲ್ಲ, ಸ್ಟಾಕ್ ರಿಜಿಸ್ಟರ್ ಬಗ್ಗೆ ಚೆನ್ನಾಗಿ ಗೊತ್ತಿತ್ತು. ಆ ಧೈರ್ಯದಲ್ಲೇ ಕೈ ಹಾಕಿದ್ದು. ಎಡವಿದ್ದೂ ಅಲ್ಲೇ.

ಪ್ರತಿ ಕಲ್ಲನ್ನೂ ಮಾವ ಆ ದಿನದ ಪೇಪರಿನಲ್ಲಿ ಸುತ್ತಿದ್ದರು. ಪೇಪರಿನ ಅಂಚಿನಲ್ಲಿ ಬಾಲ್‌ಪೆನ್ನಿನಿಂದ ಊರಿನ ಹೆಸರು. ಕಮ್ಮತ್ತೂರು, ದೇವಗಿರಿ, ರಾಮನದುರ್ಗ, ಹಟ್ಟಿ, ಗಂಗಾವತಿ. ಅಂದರೆ ಪೇಪರೇ ಲೇಬಲ್. ತಾರೀಕು ಬೇರೆ ಬರೆಯಬೇಕಿರಲಿಲ್ಲ, ಪೇಪರಿನ ಮೇಲೆ ಅಚ್ಚಾಗಿರುತ್ತಲ್ಲ. ಎಷ್ಟು ಸರಳ ಬುದ್ಧಿ ನೋಡಿ. ನಾನು ಅದನ್ನು ನೋಡಲೇ ಇಲ್ಲ. ಹಳೆ ಪೇಪರು ಅಂದರೆ ರದ್ದಿ ಅಂತ ತಲೆಯಲ್ಲಿ ಕೂತುಬಿಟ್ಟಿತ್ತು. 46 ಪೊಟ್ಟಣ ಬಿಚ್ಚಿ, ಪೇಪರನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿ, ಕಲ್ಲನ್ನೆಲ್ಲ ಇನ್ನೊಂದು ಕಡೆ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕುತ್ತಾ ಕೂತಿದ್ದೆ.

ಬ್ಲೂ ಡಸ್ಟ್ ಹೋದದ್ದಕ್ಕೆ ಮಾವ ಬೈಯಲಿಲ್ಲ. ಪೇಪರ್ ಗುಡ್ಡೆ ನೋಡಿ ಬೈದರು. ಮದುವೆಯಾಗಿ ಹದಿನೇಳು ವರ್ಷದಲ್ಲಿ ಅವರು ನನಗೆ ದನಿ ಏರಿಸಿದ್ದು ಅದೊಂದೇ ಸಲ.

"ಕೋರ್ ಬಾಕ್ಸಿನ್ಯಾಗ ಒಂದು ತುಂಡು ಹಿಂದೆ ಮುಂದೆ ಆದ್ರೆ ಇಡೀ ಬೋರೇ ಸುಳ್ಳವ್ವಾ. ನೀನು ನಲವತ್ತಾರು ತುಂಡು ಕಲಸಿಟ್ಟೀ."

ಬೋರ್ ಕೊರೆದಾಗ ಬರುವ ಕಲ್ಲಿನ ಉದ್ದನೆ ಕೋಲಿಗೆ ಕೋರ್ ಅನ್ನುತ್ತಾರೆ. ಅದನ್ನು ತುಂಡು ತುಂಡಾಗಿ, ಬಂದ ಕ್ರಮದಲ್ಲೇ, ಸಾಲು ಸಾಲು ಗೂಡಿರುವ ಪೆಟ್ಟಿಗೆಯಲ್ಲಿ ಜೋಡಿಸುತ್ತಾರೆ. ಎಷ್ಟು ಮೀಟರ್ ಆಳದ್ದು ಅಂತ ಬರೆಯುತ್ತಾರೆ. ಎಲ್ಲ ತುಂಡೂ ಕಣ್ಣಿಗೆ ಒಂದೇ ಥರ. ಆಳ ಬರೆದಿದ್ದರೆ ಮಾತ್ರ ಅದಕ್ಕೆ ಬೆಲೆ. ಜೀವಮಾನವಿಡೀ ಆ ಕೆಲಸ ಮಾಡಿದವರ ಟ್ರಂಕಿಗೆ ನಾನು ನೀರು ಹಾಕಿದ್ದೆ.

ಮುಂದಿನ ಮೂರು ಭಾನುವಾರ ಬರೀ ಜೋಡಿ ಹುಡುಕುವ ಕೆಲಸ. ಆ ದಾರಿ ತೋರಿಸಿದವಳು ಒಂಬತ್ತನೇ ಕ್ಲಾಸಿನ ಮಗಳು. "ಅಮ್ಮಾ, ಪೇಪರಿಗೆ ಕಲೆ ಆಗಿದೆ ನೋಡು" ಅಂದಳು. ಹೌದು. ಕಲ್ಲು ಪೇಪರಿಗೆ ಉಜ್ಜಿ ಉಜ್ಜಿ ತನ್ನ ಬಣ್ಣ ಬಿಟ್ಟಿತ್ತು. ಹೆಮಟೈಟ್ ಸುತ್ತಿದ ಪೇಪರು ಒಳಗೆಲ್ಲ ಕೆಂಪು. ಮ್ಯಾಂಗನೀಸ್ ಸುತ್ತಿದ್ದು ಮಸಿ ಕಪ್ಪು. ಹಳದಿ ಮಿಶ್ರಿತ ಕಂದು ಬಣ್ಣ ಇದ್ದರೆ ಗೋಥೈಟ್, ಅದೂ ಒಂದು ಕಬ್ಬಿಣದ ಅದಿರು. ಬೆಣಚುಕಲ್ಲು ಸುತ್ತಿದ ಪೇಪರಿಗೆ ಕಲೆಯೇ ಇಲ್ಲ, ಚೂಪು ಮೂಲೆ ತಾಗಿದ ಕಡೆ ತೂತು ಮಾತ್ರ. ಮೊದಲು ಬಣ್ಣದ ಪ್ರಕಾರ ಪೇಪರ್ ವಿಂಗಡಿಸಿದೆವು. ಆಮೇಲೆ ಒಂದೊಂದು ಪೇಪರನ್ನೂ ಅದರ ಹಳೇ ಮಡಿಕೆಯಲ್ಲೇ ಮತ್ತೆ ಮಡಚಿ, ಯಾವ ಕಲ್ಲು ಒಳಗೆ ಸರಿಯಾಗಿ ಕೂರುತ್ತೆ ಅಂತ ನೋಡಿದೆವು. ಕಾಲಿಗೆ ಚಪ್ಪಲಿ ಹಾಕಿ ನೋಡಿದ ಹಾಗೆ. ಇಷ್ಟು ವರ್ಷ ಒಳಗಿದ್ದ ಕಲ್ಲು ಪೇಪರಿಗೆ ತನ್ನ ಮೈಯ ಅಳತೆ ಕೊಟ್ಟಿರುತ್ತೆ. ಮೂಲೆ ಮೂಲೆಗೆ ಕೂತಾಗ ಆಗುವ ಖುಷಿ ಇದೆಯಲ್ಲ, ಟ್ರಯಲ್ ಬ್ಯಾಲೆನ್ಸ್ ಒಂದೇ ಸಲಕ್ಕೆ ಟ್ಯಾಲಿ ಆದಾಗಲೂ ಅಷ್ಟಾಗಲ್ಲ.

ಹೀಗೆ 34 ಕಲ್ಲಿಗೆ ಅವುಗಳ ಊರು ವಾಪಸ್ ಸಿಕ್ಕಿತು. ಬ್ಲೂ ಡಸ್ಟಿನ ಪೇಪರೂ ಸಿಕ್ಕಿತು, ಪೂರ್ತಿ ಕೆಂಪಾಗಿ, ದೋಣಿಮಲೈ ಅಂತ ಬರೆದಿತ್ತು. ಮಡಿಕೆಯಲ್ಲಿ ಒಂದು ಚಮಚದಷ್ಟು ಪುಡಿ ಉಳಿದಿತ್ತು. ಅದನ್ನು ಇಂಜೆಕ್ಷನ್ನಿನ ಖಾಲಿ ಬಾಟಲಿಗೆ ತುಂಬಿಟ್ಟಿದ್ದೇನೆ. ಉಳಿದದ್ದು 11 ಕಲ್ಲು, 11 ಪೇಪರು. ಅವುಗಳ ವಿಚಾರ ಆಮೇಲೆ ಹೇಳುತ್ತೇನೆ.

ಇಷ್ಟಾದ ಮೇಲೆ ಒಂದು ನಿಯಮ ಮಾಡಿಕೊಂಡೆ. ಒಂದು ಸಲಕ್ಕೆ ಒಂದೇ ಪೊಟ್ಟಣ. ಬಿಚ್ಚಬೇಕು, ನಂಬರ್ ಹಾಕಬೇಕು, ಪುಸ್ತಕಕ್ಕೆ ಏರಿಸಬೇಕು, ಆಮೇಲಷ್ಟೇ ಇನ್ನೊಂದಕ್ಕೆ ಕೈ. ಪೇಪರನ್ನು ಎಸೆಯುವಂತಿಲ್ಲ. ಊರು, ತಾರೀಕು ಇರುವ ತುಂಡನ್ನು ಕತ್ತರಿಸಿ, ಅದಕ್ಕೂ ಅದೇ ನಂಬರ್ ಬರೆದು, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಫೈಲ್ ಮಾಡಬೇಕು. ನಾವು ವೋಚರ್ ಇಡಲ್ವಾ, ಹಾಗೆ.

ನಂಬರ್ ವಿಷಯದಲ್ಲಿ ನಾನು ಜಾಣತನ ತೋರಿಸಲು ಹೋದೆ. ಜಿಲ್ಲೆಗೆ ಒಂದು ಅಕ್ಷರ, ತಾಲ್ಲೂಕಿಗೆ ಒಂದು, ಕಲ್ಲಿನ ಹೆಸರಿಗೆ ಒಂದು, ಆಮೇಲೆ ಕ್ರಮಸಂಖ್ಯೆ. ನೋಡಿದ ತಕ್ಷಣ ಎಲ್ಲ ಗೊತ್ತಾಗಬೇಕು ಅಂತ. ಮೂವತ್ತು ಕಲ್ಲಿಗೆ ಹಾಗೆ ಬರೆದೆ. ಆಮೇಲೆ ಹೊಸಪೇಟೆ ಅಂತ ಬರೆದ ಪೇಪರ್ ಬಂತು. ಮಾವ ಕಲ್ಲು ತಂದಾಗ ಹೊಸಪೇಟೆ ಬಳ್ಳಾರಿ ಜಿಲ್ಲೆ. 2021ರಿಂದ ವಿಜಯನಗರ ಜಿಲ್ಲೆ. ಈಗ ಯಾವ ಅಕ್ಷರ? ಗಂಗಾವತಿಯದೂ ಅದೇ ಕಥೆ. 1997ಕ್ಕೆ ಮುಂಚಿನ ಪೇಪರಿನಲ್ಲಿ ಸುತ್ತಿದ್ದು ಅಂದರೆ ರಾಯಚೂರು ಜಿಲ್ಲೆ, ಈಗ ಕೊಪ್ಪಳ. ಇನ್ನು ಕಲ್ಲಿನ ಹೆಸರೇ ತಪ್ಪಾಗಿದ್ದರೆ ನಂಬರೇ ತಪ್ಪಾಗುತ್ತೆ. ಎಲ್ಲ ಅಳಿಸಿ 1, 2, 3 ಅಂತ ಹಾಕಿದೆ. ನಂಬರ್ ಏನೂ ಹೇಳಬೇಕಿಲ್ಲ, ಪುಸ್ತಕದ ಯಾವ ಸಾಲು ನೋಡಬೇಕು ಅಂತ ಹೇಳಿದರೆ ಸಾಕು. ಜಿಲ್ಲೆಯ ಕಾಲಂನಲ್ಲಿ ಆಗಿನದು, ಈಗಿನದು ಎರಡೂ ಬರೆಯುತ್ತೇನೆ.

ಊರನ್ನೂ ಪೂರ್ತಿ ಬರೆಯಬೇಕು. "ಹಟ್ಟಿ" ಅಂತಷ್ಟೇ ಬರೆದರೆ ಮಾವನಿಗೆ ಸಾಕು. ಆದರೆ ಹಟ್ಟಿ ಅಂತ ಹೆಸರಿರುವ ಊರು, ಕೇರಿ ಕರ್ನಾಟಕದಲ್ಲಿ ಎಷ್ಟಿಲ್ಲ! ಹಟ್ಟಿ, ಲಿಂಗಸುಗೂರು ತಾಲ್ಲೂಕು, ರಾಯಚೂರು ಜಿಲ್ಲೆ, ಕರ್ನಾಟಕ. ಇಷ್ಟು ಬರೆದರೆ ನನ್ನ ಮೊಮ್ಮಕ್ಕಳಿಗೂ ಅರ್ಥವಾಗುತ್ತೆ.

ಇನ್ನು ಕಲ್ಲಿನ ಮೇಲೆ ನಂಬರ್ ಬರೆಯೋದು. ಮೊದಲು ಆಫೀಸಿನ ವೈಟ್ನರ್ ಹಚ್ಚಿ ಜೆಲ್ ಪೆನ್ನಿನಲ್ಲಿ ಬರೆದೆ. ಬೇಸಿಗೆ ಶುರುವಾಗುವಷ್ಟರಲ್ಲಿ ವೈಟ್ನರ್ ಹಪ್ಪಳದ ಹಾಗೆ ಎದ್ದು ಬಂತು. ಬಳ್ಳಾರಿ ಬಿಸಿಲಿನಲ್ಲಿ ನಾವೇ ಎದ್ದು ಬರುತ್ತೇವೆ, ವೈಟ್ನರ್ ಯಾವ ಲೆಕ್ಕ. ಸ್ಟಿಕ್ಕರ್ ಅಂತೂ ಮಣ್ಣಿನಂಥ ಕಲ್ಲಿಗೆ ಹಿಡಿಯುವುದೇ ಇಲ್ಲ. ಮ್ಯೂಸಿಯಂನವರು ಪ್ಯಾರಲಾಯ್ಡ್ ಬಿ-72 ಅನ್ನೋ ಅಕ್ರಿಲಿಕ್ ಅಂಟನ್ನು ಬಳಸುತ್ತಾರೆ ಅಂತ ಓದಿ, ಒಂದು ಸಣ್ಣ ಪ್ಯಾಕೆಟ್ ತರಿಸಿದೆ. ಸಕ್ಕರೆ ಹರಳಿನಂತೆ ಇರುತ್ತೆ. ಅಸಿಟೋನ್‌ನಲ್ಲಿ ಕರಗಿಸಬೇಕು. ಕಲ್ಲಿನ ಚೆಂದ ಕಾಣದ ಮಗ್ಗುಲಲ್ಲಿ ಕಿರುಬೆರಳಿನ ಉಗುರಿನಷ್ಟು ಜಾಗಕ್ಕೆ ಮೊದಲು ಅದನ್ನು ಹಚ್ಚಬೇಕು. ಒಣಗಿದ ಮೇಲೆ ಅದರ ಮೇಲೆ ಬಿಳಿ ಅಕ್ರಿಲಿಕ್ ಬಣ್ಣ. ಅದೂ ಒಣಗಿದ ಮೇಲೆ ಡ್ರಾಯಿಂಗ್ ಇಂಕಿನಲ್ಲಿ ನಂಬರ್. ಕೊನೆಗೆ ಮತ್ತೊಂದು ಪದರ ಅಂಟು. ಮುಂದೆ ಯಾವತ್ತೋ ಬೇಡ ಅನ್ನಿಸಿದರೆ ಅಸಿಟೋನ್ ಹತ್ತಿಯಲ್ಲಿ ಒರೆಸಿದರೆ ಬಂದುಬಿಡುತ್ತೆ, ಕಲ್ಲಿಗೆ ಏನೂ ಆಗಲ್ಲ. ಪುಡಿ ಉದುರುವ ಕಲ್ಲಿಗೆ ಇದೂ ನಡೆಯಲ್ಲ. ಅಂಥವಕ್ಕೆ ಡಬ್ಬಿ, ಡಬ್ಬಿಯ ಮೇಲೆ ನಂಬರ್, ಡಬ್ಬಿಯೊಳಗೆ ಒಂದು ಚೀಟಿ. ಮುಚ್ಚಳದ ಮೇಲೆ ಬರೆಯಬೇಡಿ. ಮುಚ್ಚಳಗಳು ಅದಲುಬದಲಾಗುತ್ತವೆ. ಉಪ್ಪಿನಕಾಯಿ ಭರಣಿ ನೋಡಿದವರಿಗೆ ಇದು ಹೇಳಬೇಕಿಲ್ಲ.

ಹೆಸರು ಪತ್ತೆ ಮಾಡುವ ಕೆಲಸ ಅಂದುಕೊಂಡಷ್ಟು ಕಷ್ಟ ಇರಲಿಲ್ಲ. ಇಲ್ಲಿನ ಮುಖ್ಯ ಕಲ್ಲುಗಳು ಕೆಲವೇ. ಹಿಂಬದಿ ಗ್ಲೇಜ್ ಇಲ್ಲದ ಒಂದು ಬಿಳಿ ಟೈಲ್ಸ್ ತುಂಡು, ಹಳೆ ಸ್ಪೀಕರಿನ ಮ್ಯಾಗ್ನೆಟ್, ಒಂದು ಚಾಕು, ಒಂದು ತಕ್ಕಡಿ. ಟೈಲ್ಸಿನ ಹಿಂಬದಿಗೆ ಕಲ್ಲನ್ನು ಉಜ್ಜಿದರೆ ಗೆರೆ ಬೀಳುತ್ತೆ. ಕಲ್ಲು ಹೊರಗೆ ಕಪ್ಪಿರಲಿ, ಬೆಳ್ಳಿಯ ಹಾಗೆ ಹೊಳೆಯಲಿ, ಹೆಮಟೈಟಿನ ಗೆರೆ ಕೆಂಪು. ಮ್ಯಾಗ್ನೆಟ್ಟಿಗೆ ಅಂಟುವ ಇನ್ನೊಂದು ಕಬ್ಬಿಣದ ಅದಿರು ಮ್ಯಾಗ್ನೆಟೈಟ್, ಅದರ ಗೆರೆ ಕಪ್ಪು. ಪೇಪರು ನಮಗೆ ಹೇಳಿದ್ದೂ ಇದನ್ನೇ ಅಲ್ವಾ.

ತಕ್ಕಡಿಯ ಕಥೆ ಹೇಳಲೇಬೇಕು. 58ನೇ ನಂಬರಿನ ಕಲ್ಲು ಕಪ್ಪಗಿತ್ತು, ಕೋಳಿಮೊಟ್ಟೆಯಷ್ಟು ದೊಡ್ಡದು. ಮೈಮೇಲೆ ಸಣ್ಣ ಸಣ್ಣ ಪಿರಮಿಡ್ಡಿನಂಥ ಹರಳುಗಳು. ಪೇಪರಿನ ಅಂಚಿನಲ್ಲಿ ಮಾವ "ಮ್ಯಾಗ್ನೆಟೈಟ್" ಅಂತ ಬರೆದಿದ್ದರು. ಹರಳಿನ ಆಕಾರ ನೋಡಿದರೆ ಅದೇ. ಆದರೆ ಮ್ಯಾಗ್ನೆಟ್ ಹಿಡಿದರೆ ಅಂಟುತ್ತಲೇ ಇಲ್ಲ. ಅಡುಗೆಮನೆಯ ಡಿಜಿಟಲ್ ತಕ್ಕಡಿ ತಂದು ತೂಗಿದೆ, 312 ಗ್ರಾಂ. ಆಮೇಲೆ ಒಂದು ಪಾತ್ರೆ ನೀರನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ಕಲ್ಲಿಗೆ ದಾರ ಕಟ್ಟಿ, ತಳಕ್ಕೂ ಅಂಚಿಗೂ ತಾಗದ ಹಾಗೆ ನೀರಿನಲ್ಲಿ ಮುಳುಗಿಸಿ ಹಿಡಿದೆ. ತಕ್ಕಡಿ 60 ತೋರಿಸಿತು. ಕಲ್ಲು ಪಕ್ಕಕ್ಕೆ ತಳ್ಳಿದ ನೀರಿನ ತೂಕ ಅದು. 312ನ್ನು 60ರಿಂದ ಭಾಗಿಸಿದರೆ 5.2. ಅಂದರೆ ಅಷ್ಟೇ ಗಾತ್ರದ ನೀರಿಗಿಂತ 5.2 ಪಟ್ಟು ಭಾರ. ಬೆಣಚುಕಲ್ಲಾಗಿದ್ದರೆ 2.65 ಬರಬೇಕಿತ್ತು. ಆದರೆ ಮ್ಯಾಗ್ನೆಟೈಟ್, ಹೆಮಟೈಟ್ ಎರಡೂ 5.2ರ ಆಸುಪಾಸಿನಲ್ಲೇ ಇರುತ್ತವೆ. ಇಷ್ಟು ಕಸರತ್ತು ಮಾಡಿಯೂ ಜಗಳ ಬಗೆಹರಿಯಲಿಲ್ಲ. ಕೊನೆಗೆ ಟೈಲ್ಸಿಗೆ ಉಜ್ಜಿದೆ. ಕೆಂಪು ಗೆರೆ.

ಇದಕ್ಕೆ ಮಾರ್ಟೈಟ್ ಅನ್ನುತ್ತಾರಂತೆ. ಹುಟ್ಟಿದ್ದು ಮ್ಯಾಗ್ನೆಟೈಟ್ ಆಗಿ, ಆಮೇಲೆ ಒಳಗೊಳಗೇ ಹೆಮಟೈಟ್ ಆಗಿ ಬದಲಾದದ್ದು. ಆಕಾರ ಮಾತ್ರ ಹಳೆಯದೇ ಉಳಿದಿದೆ. ಮಾವನಿಗೆ ಹೇಳಿದರೆ ಒಪ್ಪಲಿಲ್ಲ. ಟೈಲ್ಸನ್ನು ತಾವೇ ಇಸಿದುಕೊಂಡು ಮೂರು ಸಲ ಉಜ್ಜಿದರು. "ಹಂಗಾದ್ರೆ ಹಂಗೇ ಬರಿ. ನಾನು ಬರೆದದ್ದನ್ನೂ ಬರಿ" ಅಂದರು. ಪುಸ್ತಕದಲ್ಲಿ ಎರಡೂ ಇದೆ. ತಪ್ಪಾದ ಎಂಟ್ರಿಯನ್ನು ಉಜ್ಜಿ ಅಳಿಸಬಾರದು, ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದು ಬರೆದು ಸಹಿ ಹಾಕಬೇಕು ಅಂತ ನಮ್ಮ ಆಫೀಸಿನಲ್ಲಿ ಮೊದಲ ದಿನವೇ ಕಲಿಸಿದ್ದರು.

ಅಷ್ಟರಲ್ಲಿ ಅತ್ತೆ ಬಾಗಿಲಲ್ಲಿ. "ಹಿಟ್ಟು ತೂಗೋ ತಕ್ಕಡಿನೇ ಬೇಕಿತ್ತೇನು ನಿನ್ನ ಕಲ್ಲಿಗೆ?" ಅವರು ಹೇಳಿದ್ದರಲ್ಲಿ ನ್ಯಾಯ ಇತ್ತು. ಯಾಕಂದರೆ ಹಟ್ಟಿ ಕಡೆಯ ಕಲ್ಲುಗಳಲ್ಲಿ ಆರ್ಸೆನೋಪೈರೈಟ್ ಇರುವುದುಂಟು. ಬೆಳ್ಳಿಯಂತೆ ಹೊಳೆಯುವ ಈ ಖನಿಜದಲ್ಲಿ ಆರ್ಸೆನಿಕ್ ಇದೆ. ಸುತ್ತಿಗೆಯಿಂದ ಹೊಡೆದರೆ ಬೆಳ್ಳುಳ್ಳಿ ವಾಸನೆ. ವಾಸನೆ ನೋಡಲಿಕ್ಕೆ ಹೋಗಬೇಡಿ, ಮುಟ್ಟಿದ ಮೇಲೆ ಕೈ ತೊಳೆಯಿರಿ. ಮರುದಿನವೇ ಕಲ್ಲಿಗೆ ಅಂತ ಬೇರೆ ತಕ್ಕಡಿ ತಂದೆ.

ಹಟ್ಟಿ ಅಂದ ಕೂಡಲೇ ಮನೆಗೆ ಬಂದವರೆಲ್ಲ ಕೇಳುವುದು ಒಂದೇ, "ಚಿನ್ನ ಐತಾ?" ಇಲ್ಲ. ಗಣಿಯ ಅದಿರಿನಲ್ಲೇ ಟನ್ನಿಗೆ ಕೆಲವೇ ಗ್ರಾಂ ಚಿನ್ನ ಇರುವುದು, ಅದೂ ಸಾಮಾನ್ಯವಾಗಿ ಕಣ್ಣಿಗೆ ಕಾಣಲ್ಲ. ಮಾವ ತಂದದ್ದು ಯಾರಿಗೂ ಬೇಡವಾದ ಬೆಣಚುಕಲ್ಲಿನ ಚೂರುಗಳು. ಒಂದರಲ್ಲಿ ಹಳದಿ ಹೊಳಪಿನ ಚುಕ್ಕೆಗಳಿವೆ, ಅದಕ್ಕೆ ಅತ್ತೆ ಇಟ್ಟ ಹೆಸರು ಕಾಗೆಬಂಗಾರ. ನಮ್ಮಲ್ಲಿ ಅಭ್ರಕಕ್ಕೆ ಕಾಗೆಬಂಗಾರ ಅನ್ನುತ್ತಾರೆ, ಇದು ಪೈರೈಟ್. ಚಾಕುವಿನಿಂದ ಗೀರಿದರೆ ಚಿನ್ನವಾದರೆ ಗೀರು ಬೀಳುತ್ತೆ, ಪೈರೈಟ್ ಜಗ್ಗಲ್ಲ. ಅದಕ್ಕೆ ತೇವ ಆಗಬಾರದು. ತೇವಕ್ಕೆ ನಿಧಾನವಾಗಿ ಕೊಳೆತು ಆಸಿಡ್ ಬಿಡುತ್ತೆ, ಆ ಆಸಿಡ್ ಲೇಬಲ್ಲನ್ನೂ ತಿನ್ನುತ್ತೆ. ಬಳ್ಳಾರಿಯಲ್ಲಿ ತೇವದ ಭಯ ಕಡಿಮೆ, ಆದರೂ ಮಳೆಗಾಲಕ್ಕೆ ಅಂತ ಸಿಲಿಕಾ ಜೆಲ್ ಪೊಟ್ಟಣ ಹಾಕಿದ್ದೇನೆ.

ಇನ್ನೊಂದು ಹಟ್ಟಿ ಕಲ್ಲಿನಲ್ಲಿ ಕೆನೆ ಬಣ್ಣದ ಒಂದು ಮಚ್ಚೆ ಇತ್ತು. ಮಾವ "ಶೀಲೈಟ್ ಇರಬೇಕು, ದೀಪ ಹಿಡಿದು ನೋಡು" ಅಂದರು. ಶೀಲೈಟ್ ಅಂದರೆ ಟಂಗ್‌ಸ್ಟನ್ ಅದಿರು, ನೇರಳಾತೀತ ದೀಪಕ್ಕೆ ಹೊಳೆಯುತ್ತೆ. ನೋಟು ನೋಡುವ ನೇರಳೆ ಟಾರ್ಚ್ ಹಿಡಿದೆ, ಏನೂ ಆಗಲಿಲ್ಲ. ಅದಕ್ಕೆ ಶಾರ್ಟ್‌ವೇವ್ ದೀಪವೇ ಬೇಕು. ಪರಿಚಯದ ಕಾಲೇಜು ಮೇಷ್ಟ್ರು ಒಂದು ಸಂಜೆ ತಂದರು. ಕಣ್ಣಿಗೆ ಅಪಾಯ ಅಂತ ಎಲ್ಲರಿಗೂ ಕನ್ನಡಕ ಹಾಕಿಸಿ, ಕಿಟಕಿಗೆ ಕಂಬಳಿ ಕಟ್ಟಿ ದೀಪ ಹಾಕಿದರು. ಕತ್ತಲಲ್ಲಿ ಆ ಮಚ್ಚೆ ಒಂದೇ ತಿಳಿನೀಲಿಯಾಗಿ ಉರಿಯಿತು. ಮಗಳು ಕಿರುಚಿಕೊಂಡಳು. ಮಾವ ಮಾತ್ರ ಎದ್ದು ಹೋಗಿ ಟೀ ಹೇಳಿದರು, ತಮ್ಮ ಒಂದು ಲೇಬಲ್ಲಾದರೂ ಸರಿಯಾಯಿತಲ್ಲ ಅನ್ನೋ ಮುಖದಲ್ಲಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 101ನೇ ನಂಬರು. ಸಂಡೂರಿನ ಪಟ್ಟೆ ಕಲ್ಲು. ಕೆಂಪು ಜಾಸ್ಪರ್ ಒಂದು ಪಟ್ಟೆ, ಉಕ್ಕಿನ ಬಣ್ಣದ ಹೆಮಟೈಟ್ ಒಂದು ಪಟ್ಟೆ, ಇಳಕಲ್ ಸೀರೆಯ ಅಂಚಿನ ಹಾಗೆ. ಬಿಎಚ್‌ಜೆ, ಅಂದರೆ ಬ್ಯಾಂಡೆಡ್ ಹೆಮಟೈಟ್ ಜಾಸ್ಪರ್, ಅಂತಾರೆ ಗಣಿಯವರು. 250 ಕೋಟಿ ವರ್ಷಕ್ಕೂ ಹಳೆಯದು. ಅದು ಮಾವ ಆರಿಸಿ ತಂದದ್ದಲ್ಲ, ಹಿರಿಯ ಕೆಮಿಸ್ಟ್ ಒಬ್ಬರು ರಿಟೈರ್ ಆಗುವಾಗ ಕೊಟ್ಟದ್ದಂತೆ. ಜೊತೆಗೊಂದು ಅಚ್ಚಾದ ಹಳೆ ಚೀಟಿ, ಅದರಲ್ಲಿ ಇಂಗ್ಲಿಷಿನಲ್ಲಿ ಸಂಡೂರ್ ಸ್ಟೇಟ್ ಅಂತಿದೆ. ತಾರೀಕಿಲ್ಲ. ಆದರೆ ಸಂಡೂರು ಘೋರ್ಪಡೆ ಅರಸರ ಸಂಸ್ಥಾನವಾಗಿದ್ದದ್ದು 1949ರವರೆಗೆ. ಆ ವರ್ಷ ಮದ್ರಾಸಿಗೆ ಸೇರಿತು, 1953ರಲ್ಲಿ ಬಳ್ಳಾರಿಯ ಜೊತೆ ಮೈಸೂರಿಗೆ ಬಂತು. ಹಾಗಾಗಿ ಚೀಟಿ ಅಚ್ಚಾದದ್ದು 1949ಕ್ಕೆ ಮುಂಚೆಯೇ ಇರಬೇಕು. ಎರಡು ಪದದ ಚೀಟಿ ಒಂದು ತಾರೀಕನ್ನೇ ಕೊಟ್ಟಿತು. ನಾನು ಆ ಮೊದಲ ಭಾನುವಾರ ಇದೇ ಟ್ರಂಕಿಗೆ ಕೈ ಹಾಕಿದ್ದರೆ ಅದೂ ರದ್ದಿಗೇ ಹೋಗುತ್ತಿತ್ತು.

ಈಗ ಆ 11 ಕಲ್ಲು.

ಆಫೀಸಿನಲ್ಲಿ ಯಾವ ಖಾತೆಯದು ಅಂತ ತಿಳಿಯದ ದುಡ್ಡು ಬಂದರೆ ಸಸ್ಪೆನ್ಸ್ ಅಕೌಂಟಿಗೆ ಹಾಕುತ್ತೇವೆ. ಹನ್ನೊಂದಕ್ಕೂ ನೀಲಿ ಟ್ರೇ ಮಾಡಿ ಅದೇ ಹೆಸರಿಟ್ಟೆ. ಪೇಪರುಗಳಲ್ಲಿ ಏಳರ ಮೇಲೆ ಕಮ್ಮತ್ತೂರು, ಎರಡರ ಮೇಲೆ ದೇವಗಿರಿ, ಎರಡರ ಮೇಲೆ ರಾಮನದುರ್ಗ. ಎಲ್ಲವೂ ಸಂಡೂರು ತಾಲ್ಲೂಕೇ. ಕಲ್ಲುಗಳೂ ಹೆಚ್ಚುಕಡಿಮೆ ಒಂದೇ ಥರದ ಹೆಮಟೈಟು. ಸುಮ್ನೆ ಹಂಚಿಬಿಟ್ಟರೆ ಯಾರಿಗೆ ಗೊತ್ತಾಗುತ್ತೆ? ಒಂದು ರಾತ್ರಿ ಪೆನ್ನು ಹಿಡಿದು ಕೂತದ್ದೂ ಉಂಟು. ಆದರೆ ಕಲ್ಲಿನ ಹೆಸರು ತಪ್ಪಾದರೆ ಇನ್ಯಾರೋ ಟೈಲ್ಸಿಗೆ ಉಜ್ಜಿ ಸರಿ ಮಾಡುತ್ತಾರೆ. ಊರು ತಪ್ಪಾದರೆ ಸರಿ ಮಾಡಲು ಯಾವ ಟೈಲ್ಸೂ ಇಲ್ಲ. ಹೋಗಿ ಇನ್ನೊಂದು ತರೋಣ ಅಂದರೆ ಅದೂ ಆಗಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ನಿಂತ ಗಣಿಗಳಲ್ಲಿ ಕೆಲವು ಮತ್ತೆ ತೆರೆಯಲೇ ಇಲ್ಲ. ಮಾವ ಓಡಾಡಿದ ಗುಡ್ಡದ ತುದಿಗಳು ಎಷ್ಟೋ ಕಡೆ ಈಗ ಗುಡ್ಡದ ಮೇಲೇ ಇಲ್ಲ.

ಮಾವನನ್ನೇ ಕೇಳಿದೆ. ಒಂದೊಂದನ್ನೂ ಅಂಗೈಯಲ್ಲಿ ಹಿಡಿದು ತೂಗಿ ನೋಡಿದರು. ಹತ್ತಕ್ಕೆ ತಲೆ ಅಲ್ಲಾಡಿಸಿದರು. ಹನ್ನೊಂದನೆಯದನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ತಿರುಗಿಸಿದರು.

"ಇದು ರಾಮನದುರ್ಗದ್ದಲ್ಲವ್ವಾ."

"ಮತ್ತೆ ಎಲ್ಲಿದು ಮಾವ?"

"ಎಲ್ಲಿದೋ. ರಾಮನದುರ್ಗದ್ದಲ್ಲ."

ಮಾರ್ಚ್ ಬಂತು, ಆಫೀಸಿನ ಸಸ್ಪೆನ್ಸ್ ಅಕೌಂಟೆಲ್ಲ ಕ್ಲಿಯರ್ ಮಾಡಿದೆವು. ಮನೆಯ ನೀಲಿ ಟ್ರೇ ಹಾಗೇ ಇದೆ. ಆ ಹನ್ನೊಂದನೇ ಕಲ್ಲಿನ ಸಾಲು ಪುಸ್ತಕದಲ್ಲಿ ಹೀಗಿದೆ:

ನಂ. 46. ಹೆಮಟೈಟ್. ಗೆರೆ ಕೆಂಪು, ಮ್ಯಾಗ್ನೆಟ್ಟಿಗೆ ಅಂಟಲ್ಲ. 7 ಸೆಂ.ಮೀ. ಉದ್ದ, 286 ಗ್ರಾಂ. ಊರು: ಕಮ್ಮತ್ತೂರು ಅಥವಾ ದೇವಗಿರಿ, ಸಂಡೂರು ತಾಲ್ಲೂಕು, ಬಳ್ಳಾರಿ ಜಿಲ್ಲೆ. ರಾಮನದುರ್ಗ ಅಲ್ಲ, ಮಾವ ಬಾಯಿಮಾತಿನಲ್ಲಿ ಹೇಳಿದ್ದು. ಪೇಪರ್ ಕಲಸಿಹೋಗಿದೆ, ಕಲಸಿದವಳು ನಾನು.